ಎರಡೂ ಕಡೆಯ ಫೋಟೋಗ್ರಾಫರ್

ಕಳೆದ ತಿಂಗಳು ಪದ್ಮನ ತಂಗಿಯ ಮೊಮ್ಮಗಳ ನಾಮಕರಣಕ್ಕೆ ಹೋಗಿದ್ದೆವು. ಪದ್ಮ ಎಂದರೆ ನನ್ನ ಹೆಂಡತಿ. ತೊಟ್ಟಿಲ ಸುತ್ತ ನಿಂತವರೆಲ್ಲ ಮೊಬೈಲು ಎತ್ತಿ ಹಿಡಿದಿದ್ದರು. ಹಳೇ ಫೋಟೋಗ್ರಾಫರ್ ಎಂಬ ಮರ್ಯಾದೆಗೆ ನನಗೂ ಸ್ವಲ್ಪ ಜಾಗ ಬಿಟ್ಟರು. ನಾನು ಬಗ್ಗಿದೆ, ಬೆಳಕು ನೋಡಿದೆ, ಆಮೇಲೆ ಜೇಬಿನಿಂದ ಪೆನ್ನು ತೆಗೆದು ಮಲಗಿದ್ದ ಮಗುವಿನ ಪಕ್ಕ ನೆಟ್ಟಗೆ ಇಟ್ಟೆ.

"ಎಂತಕ್ಕೆ ದೊಡ್ಡಪ್ಪ ಪೆನ್ನು? ಅದು ಈಗಲೇ ಬರೀಬೇಕಾ?" ಎಂದಳು ಮಗುವಿನ ತಾಯಿ.

"ಬರೀಲಿಕ್ಕಲ್ಲ, ಅಳತೆಗೆ," ಎಂದಳು ಪದ್ಮ. "ಮಗು ಎಷ್ಟುದ್ದ ಅಂತ ಫೋಟೋ ನೋಡಿದವರಿಗೆ ಗೊತ್ತಾಗ್ಬೇಕಲ್ಲ. ಇವರು ಹಲಸಿನ ಹಣ್ಣಿಗೂ ಇಡ್ತಾರೆ. ಹೋದ ವರ್ಷ ನನ್ನ ಕಾಲು ಊದಿದಾಗ ಡಾಕ್ಟರಿಗೆ ತೋರಿಸಲಿಕ್ಕೆ ಒಂದು ಫೋಟೋ ತೆಗೀರಿ ಅಂದ್ರೆ ಕಾಲಿನ ಪಕ್ಕ ಬಾಚಣಿಗೆ ಇಟ್ಟಿದ್ರು."

ಎಲ್ಲರೂ ನಕ್ಕರು, ನಾನೂ ನಕ್ಕೆ. ಕೆಲವರಿಗೆ ಬೀಡಿ ಅಂಟುತ್ತದೆ, ಕೆಲವರಿಗೆ ಇಸ್ಪೀಟು. ನನಗೆ ಇದು ಅಂಟಿದೆ. ಅಂಟಿದ್ದು ಒಂದೇ ಒಂದು ಬೇಸಿಗೆಯಲ್ಲಿ, ನಮ್ಮೂರಿಗೆ ರಸ್ತೆ ಬರಬೇಕಾಗಿದ್ದ ಬೇಸಿಗೆಯಲ್ಲಿ. ಇಸವಿ ಕೇಳಬೇಡಿ, ನನಗೆ ನೆನಪಿರುವುದು ಬೇರೆಯದೇ ಗುರುತುಗಳು. ಪೇಟೆಯಲ್ಲಿ ಡಿಜಿಟಲ್ ಕ್ಯಾಮೆರಾ ಬಂದಿತ್ತು, ನನ್ನ ಹತ್ತಿರ ಬಂದಿರಲಿಲ್ಲ. ಮೊಬೈಲು ಬಂದಿತ್ತು, ಸಿಗ್ನಲ್ ಬಂದಿರಲಿಲ್ಲ. ಮಾತಾಡಬೇಕಾದವರು ಶಾಲೆಯ ಹಿಂದಿನ ಬಂಡೆ ಹತ್ತುತ್ತಿದ್ದರು. ಇಡೀ ಊರಿಗೆ ಕೇಳುವಂತೆ ಅಲ್ಲಿಂದ ಕೂಗುತ್ತಿದ್ದರು.

ನರಸಿಂಹರಾಜಪುರದ ಬಸ್‌ಸ್ಟ್ಯಾಂಡಿನ ಹತ್ತಿರ ನನ್ನದೊಂದು ಸ್ಟುಡಿಯೋ ಇತ್ತು. ಹಿಂದೆ ಪರದೆ, ಪರದೆಯ ಮೇಲೆ ಕೊಳ, ಕೊಳದಲ್ಲಿ ಹಂಸ. ಪಾಸ್‌ಪೋರ್ಟ್ ಫೋಟೋಕ್ಕೆ ಬಂದವರಿಗೆಂದು ಮೊಳೆಯಲ್ಲಿ ಒಂದು ಕೋಟು ನೇತುಹಾಕಿದ್ದೆ. ತಾಲ್ಲೂಕಿನ ಅರ್ಧ ಗಂಡಸರು ತಮ್ಮ ಜೀವಮಾನದಲ್ಲಿ ಕೋಟು ಹಾಕಿದ್ದೇ ಅಲ್ಲಿ. ಅದೇ ಒಂದು ಕೋಟು! ಶೃಂಗೇರಿ, ಕೊಪ್ಪದ ಕಡೆಯ ಮದುವೆಗಳಿಗೂ ಹೋಗುತ್ತಿದ್ದೆ. "ಸ್ವಲ್ಪ ನಗಿ" ಎಂದು ಹೇಳಿ ಹೇಳಿ, ಒಮ್ಮೆ ತಿಥಿಯ ಮನೆಯಲ್ಲೂ ಹಾಗೇ ಹೇಳಿ ಬೈಸಿಕೊಂಡವನು ನಾನು.

ಮನೆ ಇದ್ದದ್ದು ಹೊಸಕೊಡಿಗೆಯಲ್ಲಿ. ಹೆಸರಿಗೆ ಹೊಸದು. ಹಳೆಯ ಕೊಡಿಗೆ ಭದ್ರಾ ಹಿನ್ನೀರಿನ ಅಡಿಯಲ್ಲಿದೆ. ಅಣೆಕಟ್ಟು ಕಟ್ಟಿದಾಗ ಎದ್ದು ಬಂದವರು ಗುಡ್ಡದ ಮೇಲೆ ಕೂತರು, ಕೂತಲ್ಲೇ ಊರಾಯಿತು. ನಾನು ಅಮ್ಮನ ಸೊಂಟದ ಮೇಲೆ ಬಂದವನು. ಊರೇನೋ ಆಯಿತು, ರಸ್ತೆ ಮಾತ್ರ ಆಗಲಿಲ್ಲ. ಇದ್ದದ್ದು ಗಾಡಿ ದಾರಿ. ಮಳೆಗಾಲದಲ್ಲಿ ಜೀಪಿನವರು ಡಾಂಬರು ರಸ್ತೆಯಲ್ಲೇ ನಿಂತು, "ಇಲ್ಲಿಂದ ನಡೀರಿ ಮಾರಾಯ್ರೆ" ಎನ್ನುತ್ತಿದ್ದರು. ಕಾಯಿಲೆಯವರನ್ನೂ ಬಸುರಿಯರನ್ನೂ ಕುರ್ಚಿಗೆ ಬಿದಿರು ಕಟ್ಟಿ ನಾಲ್ಕು ಜನ ಹೊತ್ತು ಇಳಿಸಬೇಕಾಗಿತ್ತು. ಒಮ್ಮೆ ಜಾರಿದರೆ ಕುರ್ಚಿ, ಕಾಯಿಲೆಯವರು, ಹೊತ್ತವರು ಎಲ್ಲ ಒಟ್ಟಿಗೆ ಕೆಳಗೆ.

ಪದ್ಮ ಗ್ರಾಮ ಪಂಚಾಯಿತಿ ಮೆಂಬರ್ ಆದದ್ದು ಈ ಒಂದೇ ಕಾರಣಕ್ಕೆ. ಸೀಟು ಹೆಂಗಸರಿಗೆ ಮೀಸಲಾಗಿತ್ತು. "ರಸ್ತೆ ಮಾಡಿಸ್ತೀನಿ" ಎಂದು ಮಾತ್ರ ಹೇಳಿದಳು, ಬೇರೇನೂ ಹೇಳಲಿಲ್ಲ, ಗೆದ್ದಳು. ಬೇರೆ ಊರುಗಳಲ್ಲಿ ಮೆಂಬರಿನ ಗಂಡನೇ ಮೆಂಬರ್ ಆಗಿ ಮೆರೆಯುತ್ತಿದ್ದ ಕಾಲ ಅದು. ನನಗೂ ಒಂದೆರಡು ದಿನ ಆಸೆ ಬಂದಿತ್ತು. ಮೊದಲ ಮೀಟಿಂಗಿಗೆ ಜೊತೆಗೆ ಹೊರಟೆ. "ನೀವೆಲ್ಲಿಗೆ?" ಎಂದಳು. ಸೀದಾ ಸ್ಟುಡಿಯೋಕ್ಕೆ ಹೋದೆ.

ಅಂತೂ ರಸ್ತೆ ಮಂಜೂರಾಯಿತು. ಚಳಿ ಮುಗಿಯುವ ಹೊತ್ತಿಗೆ ಜೆಸಿಬಿ ಬಂತು. ಅದಕ್ಕೆ ಕುಂಕುಮ ಹಚ್ಚಿ ಕಾಯಿ ಒಡೆದೆವು. ಬೋಳುದಿಬ್ಬ ಎಂಬ ಸಣ್ಣ ಏರನ್ನು ಕಡಿದು ದಾರಿ ಸಮ ಮಾಡಬೇಕಿತ್ತು. ಅರ್ಧ ಕಡಿಯುವಷ್ಟರಲ್ಲಿ ಬೂದಿ ಬಣ್ಣದ ಮಣ್ಣು ಬಂತು, ಮಣ್ಣಿನ ಜೊತೆ ಮಡಕೆ ಚೂರುಗಳು ಬಂದವು, ಚೂರುಗಳ ಜೊತೆ ಅಂಗೈಯಗಲದ ನಯವಾದ ಕಲ್ಲುಗಳು ಬಂದವು. ಒಂದು ತುದಿ ಚೂಪು, ಕೈಯಲ್ಲಿ ಹಿಡಿದರೆ ಕೂತುಕೊಳ್ಳುವಂಥವು. ಕೊಪ್ಪದ ಕಾಲೇಜಿನಲ್ಲಿ ಚರಿತ್ರೆ ಪಾಠ ಮಾಡುವ ಮೇಷ್ಟ್ರೊಬ್ಬರು ನಮ್ಮೂರ ನೆಂಟರ ಮನೆಗೆ ಬಂದವರು ಅದನ್ನು ಕಂಡರು. ಕಂಡವರು ಸುಮ್ಮನಿರಲಿಲ್ಲ. ಕಲ್ಲಿನ ಕೊಡಲಿಗಳು ಅವು, ಮನುಷ್ಯನಿಗೆ ಕಬ್ಬಿಣ ಗೊತ್ತಿಲ್ಲದ ಕಾಲದವು ಎಂದರು. ಎಲ್ಲೆಲ್ಲಿಗೋ ಪತ್ರ ಹೋಯಿತು, ಅಲ್ಲಿಂದ ಮೇಲಿನವರು ಫೋನ್ ಮಾಡಿದರು, ಜೆಸಿಬಿ ನಿಂತಿತು. ದಿಬ್ಬವನ್ನು ಅಗೆದು ನೋಡಿದ ಮೇಲೆಯೇ ರಸ್ತೆ ಎಂದು ತೀರ್ಮಾನವಾಯಿತು.

ಅಗೆಯಲು ಬಂದವರು ದೇಸಾಯಿ ಎಂಬವರು. ಧಾರವಾಡದ ಕಡೆಯವರು. ಜೊತೆಗೆ ಒಂದಿಬ್ಬರು ವಿದ್ಯಾರ್ಥಿಗಳು. ಶಾಲೆಯ ಒಂದು ಕೋಣೆಯಲ್ಲಿ ಉಳಿದುಕೊಂಡರು. ಬಂದ ದಿನವೇ ಪದ್ಮ ದಿಬ್ಬಕ್ಕೆ ಹೋದಳು.

"ಎಂತ ಉಂಟು ಸಾರ್ ಇಲ್ಲಿ, ನಮ್ಮ ರಸ್ತೆ ನಿಲ್ಲಿಸುವಂಥದ್ದು?"

"ಮನಿ ಇರಬೇಕ್ರಿ ತಾಯಿ ಇಲ್ಲೆ. ಮೂರು ಸಾವಿರ ವರ್ಷಕ್ಕೂ ಹಳೇವು."

"ಮೇಲೆಯೂ ಮನೆ ಉಂಟು ಸಾರ್. ಅದ್ರಲ್ಲಿ ಈಗ ಜನ ಇದ್ದಾರೆ."

ದೇಸಾಯಿಯವರು ಟೋಪಿ ತೆಗೆದು ತಲೆ ಕೆರೆದುಕೊಂಡರಂತೆ. ಇದು ಪದ್ಮ ಮನೆಗೆ ಬಂದು ಹೇಳಿದ್ದು. "ಪಾಪದ ಮನುಷ್ಯ, ಆದರೆ ನಮಗೆ ಶತ್ರು," ಎಂದು ತೀರ್ಪು ಕೊಟ್ಟಳು.

ಮಾರನೇ ದಿನ ಆ ಶತ್ರು ನನ್ನ ಸ್ಟುಡಿಯೋದ ಬಾಗಿಲಲ್ಲಿ ನಿಂತಿದ್ದರು. ಅವರ ಫೋಟೋಗ್ರಾಫರ್ ಕಾಮಾಲೆಯಾಗಿ ಊರಿಗೆ ಹೋಗಿದ್ದನಂತೆ.

"ನೆಲದ ಫೋಟೋ ತೆಗ್ಯಾಕ ಬರ್ತೈತೇನ್ರಿ ನಿಮಗ?"

"ನೆಲ ಅಲುಗಾಡೋದಿಲ್ಲ ಸಾರ್. ಮದುಮಗಳಿಗಿಂತ ಸುಲಭ," ಎಂದುಬಿಟ್ಟೆ. ಬಾಯಿಂದ ಹೋದ ಮೇಲೆಯೇ ಪದ್ಮನ ನೆನಪಾದದ್ದು.

ಸಂಜೆ ವಿಷಯ ತಿಳಿಸಿದೆ. ಅವಳು ತರಕಾರಿ ಹೆಚ್ಚುತ್ತಿದ್ದಳು, ಕೈ ನಿಲ್ಲಿಸಲಿಲ್ಲ. "ನೀವು ಯಾವ ಕಡೆ ಮಾರಾಯ್ರೆ?" ಎಂದಳು.

"ಫೋಟೋದ ಕಡೆ," ಎಂದೆ.

"ಹಾಗಾದ್ರೆ ನನಗೂ ತೆಗೆದು ಕೊಡಿ."

ಅವಳು ಹೇಳಿದಂತೆ ಊರಿನ ದಾರಿಯದ್ದು, ಜಾರುವ ಇಳಿಜಾರಿನದ್ದು, ಕುರ್ಚಿ ಹೊತ್ತು ಇಳಿಯುವವರದ್ದು ತೆಗೆದುಕೊಟ್ಟೆ. ಕೆಲಸ ಕೂಡಲೇ ಶುರು ಮಾಡಬೇಕೆಂಬ ಅರ್ಜಿಯ ಜೊತೆ ಅವು ತಾಲ್ಲೂಕು ಕಚೇರಿಗೆ ಹೋದವು. ಅಗೆಯಲು ಇನ್ನಷ್ಟು ಸಮಯ ಬೇಕೆಂಬ ದೇಸಾಯಿಯವರ ಅರ್ಜಿಯ ಜೊತೆ ದಿಬ್ಬದ ಫೋಟೋಗಳೂ ಅಲ್ಲಿಗೇ ಹೋದವು. ಎರಡರ ಬೆನ್ನಿಗೂ ನನ್ನ ಸ್ಟುಡಿಯೋದ ಸೀಲು. ಒಂದು ದಿನ ಅಲ್ಲಿಯ ಸಾಹೇಬರು ಕರೆಸಿ ಕೇಳಿದರು, "ಏನ್ರೀ, ಎರಡೂ ಕಡೆಗೂ ನೀವೇನಾ?" ನಾನು ಏನು ಹೇಳಲಿ? "ಪೇಟೆಯಲ್ಲಿ ಬೆಲೆ ಕಮ್ಮಿ ಮಾಡೋದು ನಾನೊಬ್ಬನೇ ಸಾರ್," ಎಂದೆ.

ನೆಲ ಮದುಮಗಳಿಗಿಂತ ಸುಲಭ ಎಂದಿದ್ದೆನಲ್ಲ, ಆ ಸೊಕ್ಕು ಮೊದಲ ದಿನವೇ ಇಳಿಯಿತು. ಅಗೆದ ಗುಂಡಿಯನ್ನು ಮೊದಲು ಪೊರಕೆಯಿಂದ, ಆಮೇಲೆ ಬ್ರಷ್ಷಿನಿಂದ ಗುಡಿಸಬೇಕು. ಒಂದು ಹೆಜ್ಜೆ ಗುರುತೂ ಇರಬಾರದು. ಅಂಚುಗಳನ್ನು ಚಾಕುವಿನಿಂದ ನೆಟ್ಟಗೆ ಕೊರೆಯಬೇಕು. ತೋಟಕ್ಕೆ ಔಷಧಿ ಹೊಡೆಯುವ ಪಂಪಿನಿಂದ ನೀರು ಸಿಂಪಡಿಸಿದರೆ ಮಣ್ಣಿನ ಬಣ್ಣಗಳು ಎದ್ದು ಕಾಣುತ್ತವೆ, ಒಣಗುವುದರೊಳಗೆ ಕ್ಲಿಕ್ಕಿಸಬೇಕು. ಪಕ್ಕದಲ್ಲಿ ಕಪ್ಪುಬಿಳಿ ಪಟ್ಟೆಯ ಅಳತೆಕೋಲು ಇರಲೇಬೇಕು. ಇಷ್ಟೆಲ್ಲ ಸಿಂಗಾರವಾದ ಮೇಲೆ ನನ್ನ ನೆರಳು ಹೋಗಿ ನಡುವೆ ಬೀಳುತ್ತಿತ್ತು.

"ನೆರಳ ತೆಗೀರಿ," ಎನ್ನುತ್ತಿದ್ದರು ದೇಸಾಯಿ.

ನೆರಳನ್ನು ಎಲ್ಲಿಗೆ ತೆಗೆದಿಡುವುದು? ಕೊನೆಗೆ ಮೋಡ ಬರುವವರೆಗೆ ಎಲ್ಲರೂ ಆಕಾಶ ನೋಡುತ್ತ ಕೂರುತ್ತಿದ್ದೆವು. ಹಾಗೆ ಕೂತಾಗಲೇ ಅವರು ನನಗೆ ನೋಡುವುದನ್ನು ಕಲಿಸಿದ್ದು. ಕೆಂಪು ನೆಲದಲ್ಲಿ ಸಾಲಾಗಿ ಕಾಣುವ ಕಪ್ಪು ದುಂಡು ಗುರುತುಗಳನ್ನು ತೋರಿಸಿ, "ಕಂಬ ಹುಗಿದ ಕುಳಿ ಇವು. ಕಂಬ ಕೊಳತು ಮಣ್ಣಾಗೇತಿ, ಜಾಗಾ ಮಾತ್ರ ಉಳದೈತಿ," ಎಂದರು. ಮೊದಲು ನನಗೆ ಅವು ಇಲಿ ಬಿಲದಂತೆ ಕಂಡವು. ಆಮೇಲೆ ಒಂದು ಮಧ್ಯಾಹ್ನ ಇದ್ದಕ್ಕಿದ್ದಂತೆ ದುಂಡಗಿನ ಗುಡಿಸಲೇ ಕಂಡಿತು. ನಡುವೆ ಮೂರು ಕಲ್ಲಿನ ಒಲೆ, ಪಕ್ಕದಲ್ಲಿ ಸವೆದು ತಗ್ಗಾದ ಅರೆಯುವ ಕಲ್ಲು. ಫೋಟೋ ತೊಳೆಯುವಾಗ ಬ್ರೊಮೈಡ್ ಕಾಗದದ ಮೇಲೆ ಮುಖ ನಿಧಾನವಾಗಿ ಮೂಡುತ್ತದಲ್ಲ, ಹಾಗೆ. ಮನೆಗೆ ಹೋಗಿ ಇದನ್ನು ಹೇಳಲು ಬಾಯಿ ತುರಿಸುತ್ತಿತ್ತು. ಆದರೆ ಮನೆಯಲ್ಲಿ ಅದು ಶತ್ರುವಿನ ಗುಡಿಸಲು.

ಅಮ್ಮನ ಹತ್ತಿರ ಮಾತ್ರ ಹೇಳಿದೆ. ಅಮ್ಮ, ಗಿರಿಜಮ್ಮ, ಆಗ ಅರವತ್ತು ದಾಟಿದವಳು. ಕೇಳಿಸಿಕೊಂಡು, "ಒಲೆ ಸಹ ಹಾಗೇ ಉಂಟಾ?" ಎಂದಳು. ಮರುದಿನ ಸೀರೆ ಬದಲಾಯಿಸಿಕೊಂಡು ಹೊರಟೇಬಿಟ್ಟಳು. ಒಬ್ಬಳನ್ನೇ ಕಳಿಸಲಾಗದೆ ಪದ್ಮನೂ ಬಂದಳು, ಮುಖ ದಪ್ಪ ಮಾಡಿಕೊಂಡು.

ಅಮ್ಮ ಗುಂಡಿಯ ಅಂಚಿನಲ್ಲಿ ನಿಂತು ಬಹಳ ಹೊತ್ತು ನೋಡಿದಳು. ಆಮೇಲೆ ಕೇಳಿದಳು, "ಬಾಗಿಲೆಲ್ಲಿ?"

ನನಗೆ ಚಿಕ್ಕಂದಿನ ಬೇಸಿಗೆಗಳು ನೆನಪಾದವು. ನೀರು ಪೂರಾ ಇಳಿದ ವರ್ಷ ಅಮ್ಮ ನಮ್ಮನ್ನು ಹಳೆಯ ಊರಿಗೆ ಕರೆದುಕೊಂಡು ಹೋಗುತ್ತಿದ್ದಳು. ಊರೆಂದರೆ ಒಡೆದ ಕೆಸರಿನ ನಡುವೆ ಮೊಳಕಾಲೆತ್ತರದ ಕಲ್ಲಿನ ಅಡಿಪಾಯಗಳು, ಅಷ್ಟೇ. ಕಪ್ಪೆಚಿಪ್ಪು ಹೆಕ್ಕುತ್ತ ನಾನು ಎಲ್ಲೆಂದರಲ್ಲಿ ಜಿಗಿದು ಓಡಾಡಿದರೆ ಅಮ್ಮ ಗದರುತ್ತಿದ್ದಳು, "ಬಾಗಿಲಲ್ಲಿ ಬಾರಾ, ಕಳ್ಳನ ಹಾಗೆ ಗೋಡೆ ಹಾರ್ತೀಯಲ್ಲ!" ಗೋಡೆಯೇ ಇರಲಿಲ್ಲ. ಅವಳು ಮಾತ್ರ ಸುತ್ತಿ ಬಂದು, ಹೊಸ್ತಿಲಿದ್ದ ಕಡೆ ಕಾಲೆತ್ತಿ ದಾಟಿ ಒಳಗೆ ಬರುತ್ತಿದ್ದಳು. ನನಗೆ ಆಗ ನಗು ಬರುತ್ತಿತ್ತು.

ದೇಸಾಯಿ ಕೆಳಗೆ ಕೂತು, ಎರಡು ಕುಳಿಗಳ ನಡುವೆ ಉಳಿದವಕ್ಕಿಂತ ಅಗಲವಾಗಿದ್ದ ಜಾಗ ತೋರಿಸಿದರು. "ಇಲ್ಲೆ ಇರಬೇಕ್ರಿ ಅವ್ವಾ ಬಾಗಲಾ. ಚಪ್ಪಲಿ ಬಿಟ್ಟು ಬರ್ರಿ, ನೋಡೂಣು." ಕೈ ಹಿಡಿದು ಇಳಿಸಿದರು. ಅಮ್ಮ ಆ ಸಂದಿಯಲ್ಲೇ ಒಳಗೆ ಹೋದಳು, ಒಲೆಯ ಹತ್ತಿರ ಕುಕ್ಕರಗಾಲಲ್ಲಿ ಕೂತಳು. ಮುಟ್ಟಲಿಲ್ಲ.

"ಇವರು ಎಂತಕ್ಕೆ ಬಿಟ್ಟು ಹೋದದ್ದು?"

"ಗೊತ್ತಿಲ್ರಿ ಅವ್ವಾ. ಅದನ್ನ ತಿಳಕೋಬೇಕಂತನ ಅಗಿಯೂದು."

"ನಮ್ಮೂರು ಮುಳುಗುವಾಗ ಯಾರೂ ಹೀಗೆ ಬಂದು ನೋಡಲಿಲ್ಲ ಸ್ವಾಮಿ," ಎಂದಳು ಅಮ್ಮ. ದೂರು ಹೇಳುವ ಧ್ವನಿಯಲ್ಲ ಅದು. "ಲಾರಿ ಬಂತು, ಹತ್ತಿದೆವು, ಗುಡ್ಡದ ಬುಡದಲ್ಲಿ ಇಳಿಸಿ ಹೋಯಿತು. ಒಂದು ಫೋಟೋ ಸಹ ಇಲ್ಲ. ನೀವು ಇದನ್ನ ಪೂರ್ತಿ ನೋಡಿಯೇ ಹೋಗಿ."

ದೇಸಾಯಿಯವರು ಪದ್ಮನ ಕಡೆ ನೋಡಿದರು. ಪದ್ಮ ಬೇರೆ ಕಡೆ ನೋಡಿದಳು. ಮನೆಗೆ ಬಂದೆವು. ಅಂಗಳದಲ್ಲಿ ಕಾಲು ತೊಳೆಯುವಾಗ ನನ್ನನ್ನು ಕೇಳಿದಳು, "ಅವರಿಗೆ ಜನ ಕಮ್ಮಿ ಅಲ್ದಾ? ಜಾಸ್ತಿ ಜನ ಕೊಟ್ರೆ ಮಳೆಗೆ ಮೊದಲು ಮುಗೀತದಾ?"

ಮುಗಿಯುತ್ತದೆ ಎಂದರು ದೇಸಾಯಿ. ಆದರೆ ಊರು ಒಪ್ಪಬೇಕಲ್ಲ. ಶಾಲೆಯ ಜಗಲಿಯಲ್ಲಿ ಪದ್ಮ ಊರವರನ್ನು ಸೇರಿಸಿದಳು. ಮೊದಲು ಎದ್ದು ನಿಂತವರು ನಮ್ಮ ನೆರೆಯ ತಿಮ್ಮಪ್ಪಣ್ಣ. ಅವರ ಮಗಳು ಮಂಜುಳ ಹೆರಿಗೆಗೆಂದು ತವರಿಗೆ ಬಂದಿದ್ದಳು. ಮಳೆ ಹಿಡಿಯುವ ಹೊತ್ತಿಗೆ ದಿನ ತುಂಬುತ್ತಿತ್ತು. ಹಿಂದೊಮ್ಮೆ ತಿಮ್ಮಪ್ಪಣ್ಣನ ಹೆಂಡತಿಯನ್ನು ಆಷಾಢದ ಮಳೆಯಲ್ಲಿ ಕುರ್ಚಿಯಲ್ಲಿ ಇಳಿಸಿದ್ದರು. ಆಕೆ ಉಳಿದರು, ಹೊಟ್ಟೆಯಲ್ಲಿದ್ದ ಕೂಸು ಉಳಿಯಲಿಲ್ಲ. ಅದು ಊರಿಗೆಲ್ಲ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ.

"ಆ ಗುಡಿಸಲಿನವರು ಹೋಗಿ ಸಾವಿರಾರು ವರ್ಷ ಆಯ್ತು," ಎಂದರು ತಿಮ್ಮಪ್ಪಣ್ಣ. "ಅವರಿಗೆಂತ ಅರ್ಜೆಂಟು? ಅರ್ಜೆಂಟು ಇರೋದು ನನ್ನ ಮಗಳಿಗೆ. ನೀನು ರಸ್ತೆ ಅಂತ ಹೇಳಿ ಓಟು ಕೇಳಿದ್ದು ಪದ್ಮ, ಒಲೆ ಅಂತಲ್ಲ."

ಪದ್ಮ ಎದ್ದು ನಿಂತಳು. ಮೀಟಿಂಗುಗಳಲ್ಲಿ ಅವಳ ಧ್ವನಿ ಎಷ್ಟು ಜೋರೆಂದು ಕೇಳಿದ್ದೆ. ಅವತ್ತು ಅಷ್ಟೇ ಮೆಲ್ಲಗೆ ಮಾತಾಡಿದಳು.

"ನೀವು ಹೇಳೋದು ಸರಿ ತಿಮ್ಮಪ್ಪಣ್ಣ. ಜಗಳ ಮಾಡಿದ್ರೆ ಆ ಅರ್ಜಿ ಈ ಅರ್ಜಿ ಅಂತ ಕಚೇರಿಯಲ್ಲೇ ಮಳೆ ಬರ್ತದೆ. ಎರಡು ಕೆಲಸವೂ ನಾವೇ ಮಾಡಿ ಮುಗಿಸಿದ್ರೆ ಮಂಜುಳ ಜೀಪಲ್ಲೇ ಇಳೀತಾಳೆ. ಇಳೀದಿದ್ರೆ ಕುರ್ಚಿಯ ಮುಂದಿನ ಬಿದಿರಿಗೆ ನಾನೇ ಹೆಗಲು ಕೊಡ್ತೀನಿ. ಮೆಂಬರ್ ಆಗಿಯೂ ಮತ್ತೆ ಇರೋದಿಲ್ಲ."

ತಿಮ್ಮಪ್ಪಣ್ಣ ಒಪ್ಪಿದೆ ಎನ್ನಲಿಲ್ಲ. ಟವೆಲು ಹೆಗಲಿಗೆ ಹಾಕಿಕೊಂಡು ಹೊರಟುಹೋದರು. ಆದರೆ ಮರುದಿನ ಬೆಳಿಗ್ಗೆ ದಿಬ್ಬಕ್ಕೆ ಬಂದ ಸ್ತ್ರೀಶಕ್ತಿ ಸಂಘದ ಹೆಂಗಸರ ಸಾಲಿನಲ್ಲಿ ಮಂಜುಳಳೇ ನಿಂತಿದ್ದಳು. "ಮನೆಯಲ್ಲಿ ಕೂತು ಕೂತು ಬೇಜಾರಾಗಿದೆ ಪದ್ಮಕ್ಕ, ನಂಗೂ ಒಂದು ಕೆಲಸ ಕೊಡಿ," ಎಂದಳು. ನೆರಳಲ್ಲಿ ಸ್ಟೂಲು ಹಾಕಿ, ತೊಳೆದ ಮಡಕೆ ಚೂರುಗಳನ್ನು ಒರೆಸಿ ಒಣಗಿಸುವ ಕೆಲಸ ಕೊಟ್ಟರು. ಮಗಳನ್ನು ಕರೆದೊಯ್ಯಲು ಬಂದ ತಿಮ್ಮಪ್ಪಣ್ಣ ಸ್ವಲ್ಪ ಹೊತ್ತು ಸೊಂಟದ ಮೇಲೆ ಕೈಯಿಟ್ಟು ನಿಂತರು. "ಮಣ್ಣು ಹೊರೋದು ಹಾಗಾ? ಬುಟ್ಟಿ ಇತ್ಲಾಗಿ ಕೊಡಿ," ಎಂದು ಒಬ್ಬರ ಕೈಯಿಂದ ಕಿತ್ತುಕೊಂಡರು. ಆಮೇಲೆ ಅವರು ಮನೆಗೆ ಹೋದದ್ದು ಸಂಜೆಗೆ.

ಆ ದಿನಗಳು! ಗದ್ದೆ ನಾಟಿಗೆ ಬಂದಂತೆ ಜನ ಬರುತ್ತಿದ್ದರು. ಕೆಲವರು ಕೆರೆಯುವುದು, ಕೆಲವರು ಜರಡಿ ಹಿಡಿಯುವುದು, ಕೆಲವರು ಹೊರುವುದು. ಧಾರವಾಡದ ವಿದ್ಯಾರ್ಥಿಗಳು ನಮ್ಮ ಹೆಂಗಸರಿಗೆ ಬ್ರಷ್ಷು ಹಿಡಿಯಲು ಕಲಿಸಿದರು. ನಮ್ಮ ಹೆಂಗಸರು ಅವರಿಗೆ ಗಂಜಿಯ ಜೊತೆ ಅಪ್ಪೆಮಿಡಿ ಉಪ್ಪಿನಕಾಯಿ ತಿನ್ನಲು ಕಲಿಸಿದರು. ಜರಡಿಯಲ್ಲಿ ಒಂದು ಸಣ್ಣ ಕಲ್ಲಿನ ಮಣಿ ಸಿಕ್ಕ ದಿನ ಯಾರೂ ಊಟಕ್ಕೇ ಏಳಲಿಲ್ಲ. ಕೈಯಿಂದ ಕೈಗೆ ಹೋಗಿ ಅದು ಮಂಜುಳಳ ಅಂಗೈಗೆ ಬಂದಾಗ ಅವಳು, "ಇದನ್ನ ಹಾಕಿಕೊಂಡವಳು ಕಳೆದುಹೋಯ್ತು ಅಂತ ಎಷ್ಟು ಹುಡುಕಿದ್ದಳೋ," ಎಂದಳು. ನಾನು ಮಣಿಯ ಪಕ್ಕ ಅಳತೆಕೋಲು ಇಡುವುದು ಬಿಟ್ಟು ಅವಳ ಮುಖವನ್ನೇ ತೆಗೆದೆ. ವರದಿಗೆ ಆ ಫೋಟೋ ಪ್ರಯೋಜನವಿಲ್ಲ ಎಂದು ದೇಸಾಯಿ ಬೈದರು. ಹೋಗುವಾಗ ಅದರದ್ದೊಂದು ಪ್ರತಿ ಮಾತ್ರ ಕೇಳಿ ತೆಗೆದುಕೊಂಡು ಹೋದರು.

ಕೊನೆಗೆ ಉಳಿದದ್ದು ಗುಡಿಸಲಿನ ನೆಲ. ಅದನ್ನು ಕಡಿಯದೆ ರಸ್ತೆ ಹೇಗೆ? ದೇಸಾಯಿ, ಪದ್ಮ, ರಸ್ತೆಯ ಇಂಜಿನಿಯರ್ ಮೂವರೂ ದಿಬ್ಬದ ಮೇಲೆ ನಿಂತು ವಾದ ಮಾಡಿದರು. ಕಡಿಯುವ ಬದಲು ಆ ಜಾಗದಲ್ಲಿ ಮರಳು ಹಾಸಿ, ಮೇಲೆ ಮಣ್ಣು ತುಂಬಿಸಿ ರಸ್ತೆಯನ್ನೇ ಸ್ವಲ್ಪ ಏರಿಸಬಹುದು ಎಂದು ಇಂಜಿನಿಯರ್ ಅರೆಮನಸ್ಸಿನಿಂದ ಹೇಳಿದರು. ಹೇಳಿದ ಮೇಲೆ ಅವರಿಗೇ ಅದು ಇಷ್ಟವಾಯಿತು, ಬೆಳಗಾಗುವುದರೊಳಗೆ ನಕ್ಷೆ ತಂದರು. ಮರಳು ಹಾಸುವ ಮೊದಲು ಅಮ್ಮ ಬಂದು ಒಲೆಯ ಮುಂದೆ ಒಂದು ದಾಸವಾಳ ಇಟ್ಟಳು. ದೇಸಾಯಿಯವರು ತೆಗೆಯಿರಿ ಎನ್ನಲಿಲ್ಲ. ಅದರ ಮೇಲೆಯೇ ಮರಳು ಬಿತ್ತು.

ಜೆಸಿಬಿ ಮತ್ತೆ ಗುಡುಗಿತು. ಡಾಂಬರು ಬೀಳಲಿಲ್ಲ, ಜಲ್ಲಿ ಬಿದ್ದು ರೋಲರ್ ಹೋಯಿತು, ಮೋರಿಗಳು ಕೂತವು. ಅಷ್ಟರಲ್ಲಿ ಮೊದಲ ಮಳೆ ಬಂತು. ಇಡೀ ಊರು ಕೊಡೆ ಹಿಡಿದು ಹೋಗಿ ರಸ್ತೆ ನಿಂತಿದೆಯೋ ಕೊಚ್ಚಿಹೋಯಿತೋ ಎಂದು ನೋಡಿತು. ನಿಂತಿತ್ತು.

ಮಂಜುಳಳ ಹೆರಿಗೆಯ ಕಥೆ ಕೇಳಬೇಕೆಂದು ನಿಮಗೆ ಅನ್ನಿಸಿರಬಹುದು. ಹೇಳಲು ಏನೂ ಇಲ್ಲ. ಒಂದು ಬೆಳಿಗ್ಗೆ ಧೋ ಎಂದು ಸುರಿಯುವ ಮಳೆಯಲ್ಲಿ ಜೀಪು ಅವರ ಅಂಗಳಕ್ಕೇ ಬಂತು. ಅವಳು ದೋಸೆ ತಿಂದು ಮುಗಿಸಿ, ಚೀಲ ಹಿಡಿದು, "ಬರ್ತೀನಿ ಪದ್ಮಕ್ಕ" ಎಂದು ಹತ್ತಿ ಕೂತಳು. ಆಸ್ಪತ್ರೆಯಲ್ಲಿ ಹೆಣ್ಣು ಕೂಸಾಯಿತು. ಯಾರೂ ಓಡಲಿಲ್ಲ, ಯಾರೂ ಜಾರಲಿಲ್ಲ, ಯಾರೂ ದೇವರಿಗೆ ಹರಕೆ ಹೊರಲಿಲ್ಲ. ರಸ್ತೆಯಿದ್ದ ಊರಿನಲ್ಲಿ ಕಥೆಗಳು ಕಮ್ಮಿಯಾಗುತ್ತವೆ ಎಂದು ನನಗೆ ಗೊತ್ತಾದದ್ದು ಅವತ್ತೇ. ಪದ್ಮ ಮಾತ್ರ ಜೀಪು ಕಣ್ಮರೆಯಾಗುವವರೆಗೂ ಮಳೆಯಲ್ಲೇ ನಿಂತಿದ್ದಳು. ಒಳಗೆ ಬಂದು ತಲೆ ಒರೆಸಿಕೊಳ್ಳುತ್ತ, "ಇನ್ನು ಬಸ್ಸಿಗೆ ಅರ್ಜಿ ಬರೀಬೇಕು," ಎಂದಳು.

ಮುಂದಿನ ಬೇಸಿಗೆ ಹಿನ್ನೀರು ಬಹಳ ಕೆಳಗಿಳಿದು ಹಳೆಯ ಊರು ಕಂಡಿತು. ದೇಸಾಯಿಯವರಿಗೆ ಫೋನ್ ಮಾಡಿದ್ದು ಪದ್ಮ, ಬಂಡೆ ಹತ್ತಿ. ಅವರು ರಜೆ ಹಾಕಿ ಬಂದರು. ಯಾರೂ ಕಳಿಸಿದ್ದಲ್ಲ, ಯಾವ ಕಚೇರಿಯ ಕೆಲಸವೂ ಅಲ್ಲ. ಅಳತೆ ಟೇಪು ಹಿಡಿದು ಹಳೆಯ ಕೊಡಿಗೆಯ ನಕ್ಷೆ ಬರೆಯತೊಡಗಿದರು. ಊರಿನ ಮುದುಕ ಮುದುಕಿಯರೆಲ್ಲ ಹೊಸ ರಸ್ತೆಯಲ್ಲಿ ಜೀಪಿನಲ್ಲಿ ಇಳಿದು ಬಂದರು. ಬಂದವರು ಒಬ್ಬರಿಗೊಬ್ಬರು ಜಗಳಕ್ಕೆ ನಿಂತರು. ಬಾವಿ ಯಾರ ಕಡೆಗಿತ್ತು, ಹುಣಸೆಮರ ಯಾರ ಬೇಲಿಯೊಳಗಿತ್ತು, ಇತ್ಯರ್ಥವಾಗದೆ ಉಳಿದಿದ್ದ ಎಲ್ಲ ತಕರಾರೂ ಒಣ ಕೆಸರಿನಿಂದ ಎದ್ದು ಬಂದವು. ನಲವತ್ತು ವರ್ಷ ಚಿಕ್ಕವರಾದಂತೆ ಕೂಗಾಡಿದರು. ದೇಸಾಯಿ ನಗುತ್ತ ಇಬ್ಬರ ಮಾತನ್ನೂ ಬರೆದುಕೊಂಡರು. ನಾನು ಫೋಟೋ ತೆಗೆಯುತ್ತ ಹೋದೆ.

ಒಂದೊಂದು ಅಡಿಪಾಯಕ್ಕೂ ಹೆಸರು ಹಾಕುತ್ತ ಅವರು ನಮ್ಮ ಮನೆಯ ಹತ್ತಿರ ಬಂದರು. ಅಮ್ಮ ಅಡಿಗೆಮನೆಯಿದ್ದ ಮೂಲೆಯಲ್ಲಿ ನಿಂತಿದ್ದಳು.

"ಇದು ಯಾರ ಮನಿ ಅಂತ ಬರೀಲ್ರಿ ಅವ್ವಾ? ನಿಮ್ಮ ಯಜಮಾನ್ರ ಹೆಸರೇನು?"

ತೀರಿಹೋದ ಅಪ್ಪನ ಹೆಸರು ಹೇಳಲು ಬಾಯಿ ತೆರೆದ ಅಮ್ಮ ತಡೆದುಕೊಂಡಳು. ಒಮ್ಮೆ ಪದ್ಮನ ಕಡೆ ನೋಡಿದಳು, ಆಮೇಲೆ ಸೆರಗು ಸರಿ ಮಾಡಿಕೊಂಡಳು.

"ಗಿರಿಜಮ್ಮನ ಮನೆ ಅಂತ ಬರೀರಿ," ಎಂದಳು. "ನಾನು ಇನ್ನೂ ಇದ್ದೀನಲ್ಲ."